ಬಿಚ್ಚಬೇಡಿ, ಹಾಗೇ ಹೂತುಬಿಡಿ

ಏಳು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ದಿನ, ದಾರಿಗೆ ಅಡ್ಡ ಬಿದ್ದಿದ್ದ ಒಂದು ಹೂಕುಂಡವನ್ನು ಕ್ರಾಫ್ಟ್ ಮೇಷ್ಟ್ರು ಎತ್ತಿ ಪಕ್ಕಕ್ಕಿಟ್ಟರು. ಅವರು ಮಾಡಿದ ತಪ್ಪು ಅಷ್ಟೇ. ಕಿಟಕಿಯಲ್ಲಿ ಹೆಡ್ ಮೇಡಂ ನಿಂತಿದ್ದರು. "ಗಿಡ ಅಂದ್ರೆ ನಿಮ್ಗೆ ಪ್ರಾಣ ಅಂತ ಕಾಣುತ್ತೆ" ಅಂದರು. ಮಧ್ಯಾಹ್ನದೊಳಗೆ ಸ್ಕೂಲಿನ ತೋಟದ ಉಸ್ತುವಾರಿ ಮೇಷ್ಟ್ರ ಕೊರಳಿಗೆ ಬಿತ್ತು.

ಅಂದಿನಿಂದ ದಿನಾ ಬೆಳಿಗ್ಗೆ ಆರೂವರೆಗೆ ನೀರು ಹಾಯಿಸಬೇಕು. ಭಾನುವಾರ ಮೇಷ್ಟ್ರಿಗೆ ರಜೆ, ಗಿಡಕ್ಕಿಲ್ಲ. ಹಾಗಾಗಿ ಮೇಷ್ಟ್ರಿಗೂ ಇಲ್ಲ. ಸೊಂಟ ಹಳೇ ಗೇಟಿನ ಹಾಗೆ ಕಿರುಗುಟ್ಟುತ್ತಿತ್ತು. ಕನಸಿನಲ್ಲೂ ಅವರು ಪೈಪ್ ಹಿಡಿದೇ ನಿಂತಿರುತ್ತಿದ್ದರು.

ಕೊನೆಗೆ ಒಂದು ದಾರಿ ಕಂಡಿತು. ಹೆಡ್ ಮೇಡಂಗೆ ವರ್ಗವಾಗಿತ್ತು. ಹೋಗುವ ಮುಂಚೆ ಮೂರನೇ ಕ್ಲಾಸಿನ ಅರವತ್ತು ಮಕ್ಕಳಿಗೂ ಪೊಟ್ಟಣ ಕಟ್ಟಿದ ಒಂದೊಂದು ಬೀಜದುಂಡೆ ಕೊಡಬೇಕು, ಮಕ್ಕಳು ಅದನ್ನು ತೋಟದಲ್ಲಿ ಹೂಳಬೇಕು ಎನ್ನುವುದು ಅವರ ಆಸೆ. ಆದರೆ ಪೊಟ್ಟಣದಲ್ಲಿ ಪ್ಲಾಸ್ಟಿಕ್ ಇರಕೂಡದು, ಪಿನ್ ಇರಕೂಡದು, ಅಂಗಡಿ ಅಂಟು ಇರಕೂಡದು. ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಪೊಟ್ಟಣ ರೆಡಿ ಮಾಡಿ ಕೊಟ್ಟರೆ ತೋಟದಿಂದ ಬಿಡುಗಡೆ ಅಂತ ಆರ್ಡರ್ ಬರೆದುಕೊಡುವುದಾಗಿ ಮಾತು ಕೊಟ್ಟಿದ್ದರು. ಮೂರಕ್ಕೆ ಅವರು ಚಾರ್ಜ್ ಬಿಡುತ್ತಾರೆ. ಆಮೇಲೆ ಹೊಸ ಹೆಡ್ ಸಾರ್, ಹೊಸ ಕತೆ.

ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಹೆಂಡತಿ ಹೇಳಿದ್ದರು. "ಇವತ್ತು ಆರ್ಡರ್ ತಗೊಂಡೇ ಬನ್ನಿ. ಇಲ್ಲಾಂದ್ರೆ ಅಲ್ಲೇ ಒಂದು ಗುಂಡಿ ತೋಡ್ಕೊಂಡು ಮಲಗಿ, ನೀರು ಹಾಕೋದಕ್ಕೂ ಹತ್ರ ಆಗುತ್ತೆ."

ಸ್ಟಾಫ್ ರೂಮಿನ ಮೇಜಿನ ಮೇಲೆ ಜೇಡಿಮಣ್ಣು, ಗೊಬ್ಬರ, ಸೂರ್ಯಕಾಂತಿ ಬೀಜ ಸೇರಿಸಿ ಕಟ್ಟಿದ ಅರವತ್ತು ಉಂಡೆ ಎರಡು ದಿನದಿಂದ ಒಣಗಿ ಕೂತಿದ್ದವು. ಮೇಷ್ಟ್ರು ಮೊದಲು ಒಣಗಿದೆಲೆ ಸುತ್ತಿ ನೋಡಿದರು. ಮಡಿಸಿದ ಕೂಡಲೇ ಎಲೆ ಪುಡಿಪುಡಿ. ಬೆಂಕಿಪೊಟ್ಟಣ ಒಳ್ಳೆಯದು ಎಂದರು ಲೆಕ್ಕದ ಟೀಚರ್. ಅರವತ್ತು ಪೊಟ್ಟಣ ಖಾಲಿಯಾಗಬೇಕಾದರೆ ಮೂರು ಸಾವಿರ ಕಡ್ಡಿ ಗೀಚಬೇಕು ಅಂತ ಅವರೇ ಲೆಕ್ಕ ಹಾಕಿ, ಅವರೇ ಬೇಡವೆಂದರು.

ಆಗ ಎಂಟ್ರಿ ಕೊಟ್ಟವರು ಡ್ರಿಲ್ ಮೇಷ್ಟ್ರು. ಬಾಗಿಲಲ್ಲಿ ಎರಡು ಸೆಕೆಂಡ್ ನಿಂತು, ಹಿಂದೆ ಮ್ಯೂಸಿಕ್ ಬರುತ್ತಿದೆಯೇನೋ ಅನ್ನುವ ಹಾಗೆ ಒಳಗೆ ಬರುವುದು ಅವರ ಅಭ್ಯಾಸ. ಕೈಯಲ್ಲಿ ಒಂದು ಚೀಲ. ಆಟದ ಮೈದಾನದಲ್ಲಿ ಮಕ್ಕಳು ಬಿಟ್ಟುಹೋದ ಕಾಲುಚೀಲಗಳು.

"ಪಕ್ಕಾ ಕಾಟನ್. ಒಂದೊಂದು ಕಾಲುಚೀಲಕ್ಕೆ ಒಂದೊಂದು ಉಂಡೆ. ಗಂಟು ಹಾಕಿ, ಆಟ ಮುಗೀತು."

ಚೀಲದ ಬಾಯಿ ಬಿಚ್ಚಿದ ಮೇಲೆ ಸ್ಟಾಫ್ ರೂಮಿನಲ್ಲಿ ಯಾರೂ ಉಳಿಯಲಿಲ್ಲ. ಅದರೊಳಗೆ ಬೀಜ ಮೊಳೆಯುವುದಿರಲಿ, ಪ್ರಜ್ಞೆ ಉಳಿಸಿಕೊಳ್ಳುವುದೂ ಕಷ್ಟವಿತ್ತು.

ಕಿಟಕಿಗಳನ್ನೆಲ್ಲ ತೆರೆದು ಒಳಗೆ ಬಂದಾಗ ಮೇಷ್ಟ್ರಿಗೆ ತಮ್ಮ ಬೀರು ನೆನಪಾಯಿತು. ಹಳೇ ಉತ್ತರಪತ್ರಿಕೆಗಳನ್ನು ನೆನೆಸಿ, ಅರೆದು, ಮಕ್ಕಳ ಕೈಯಲ್ಲಿ ಮಾಡಿಸಿದ ದಪ್ಪ ಬೂದುಬಣ್ಣದ ಕಾಗದ ಅಲ್ಲಿತ್ತು. ಅಂಟಿಲ್ಲದೆ ಮಡಿಸಿ, ತುದಿಯನ್ನು ಒಳಗೆ ತೂರಿಸಿ, ಹತ್ತಿ ದಾರ ಸುತ್ತಿದರೆ ಪೊಟ್ಟಣ ಗಟ್ಟಿಯಾಗಿ ನಿಂತಿತು. ಉಂಡೆಗೆ ಗಾಳಿಯೂ ಆಡುತ್ತದೆ, ಬೂಸ್ಟು ಹಿಡಿಯುವುದಿಲ್ಲ. ನೀರು ಬಿದ್ದರೆ ಕಾಗದ ಮಣ್ಣಿನಲ್ಲೇ ಕರಗುತ್ತದೆ. ಮೇಲೆ ಬರೆದರು: ಬಿಚ್ಚಬೇಡಿ, ಹಾಗೇ ಹೂತುಬಿಡಿ. ಏಳು ವರ್ಷದಲ್ಲಿ ಮೊದಲ ಸಲ ಮೇಷ್ಟ್ರಿಗೆ ತಮ್ಮ ಮೇಲೆ ತಮಗೇ ಮರ್ಯಾದೆ ಬಂತು.

ಲೆಕ್ಕದ ಟೀಚರ್ ಅಳತೆ ಹಿಡಿದರು, ಮೇಷ್ಟ್ರು ಮಡಿಸಿದರು, ಡ್ರಿಲ್ ಮೇಷ್ಟ್ರು ಸಲಹೆ ಕೊಟ್ಟರು. ಸಲಹೆ ಕೊಡುವ ಭರದಲ್ಲಿ ಕೈ ಬೀಸಿ, ಹನ್ನೆರಡು ಪೊಟ್ಟಣಗಳ ಮೇಲೆ ಟೀ ಚೆಲ್ಲಿದರು. ಎಲ್ಲರ ಕಣ್ಣೆದುರಿಗೇ ಕಾಗದ ಗಂಜಿಯಾಯಿತು.

"ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ. ಕರಗುತ್ತೋ ಇಲ್ವೋ ಅಂತ ಟೆಸ್ಟ್ ಆಯ್ತಲ್ಲ."

ಮೇಷ್ಟ್ರು ಉಂಡೆಗಳನ್ನು ಒರೆಸಿ, ಉಳಿದ ಹಾಳೆಗಳಲ್ಲಿ ಮತ್ತೆ ಮಡಿಸಿದರು. ಒಂದೂವರೆಗೆ ಎಣಿಸಿದರೆ ಐವತ್ತೊಂಬತ್ತು. ಒಂದು ಉಂಡೆ ಬೆತ್ತಲೆಯಾಗಿ ಕೂತಿತ್ತು. ಬೀರು ಖಾಲಿ.

ಅಷ್ಟರಲ್ಲಿ ಹೆಡ್ ಮೇಡಂ ಕರೆದರು. ಮೇಷ್ಟ್ರ ಕಾಗದದ್ದೇ ಒಂದು ಹಾಳೆಯನ್ನು ಅವರು ಹಿಂದೊಮ್ಮೆ ಮೆಚ್ಚಿ ಇಟ್ಟುಕೊಂಡಿದ್ದರಂತೆ. "ನಿಮ್ಮ ಆರ್ಡರ್ ನಿಮ್ಮ ಕಾಗದದ ಮೇಲೇ ಇರ್ಲಿ" ಅಂತ ಅದರ ಮೇಲೇ ಮಸಿಯಲ್ಲಿ ಬರೆದು, ಸೀಲ್ ಹೊಡೆದಿದ್ದರು. ಮೇಷ್ಟ್ರು 'ಬಿಡುಗಡೆ' ಎನ್ನುವ ಪದದವರೆಗೆ ಓದಿದರು. ಮುಂದಿನದು ಕಣ್ಣೀರಿಗೆ ಕಾಣಿಸಲಿಲ್ಲ. ಮಸಿ ಒಣಗಲಿ, ಮಕ್ಕಳ ಕೆಲಸ ಮುಗಿಸಿ ಬಂದು ತಗೊಳ್ಳಿ ಎಂದು ಮೇಡಂ ಅದನ್ನು ಪೇಪರ್‌ವೇಟ್ ಕೆಳಗಿಟ್ಟರು.

ಸ್ಟಾಫ್ ರೂಮಿಗೆ ಬಂದರೆ ಡ್ರಿಲ್ ಮೇಷ್ಟ್ರು ಬೆತ್ತಲೆ ಉಂಡೆಯನ್ನು ಅಂಗೈಯಲ್ಲಿ ಚಿಮ್ಮುತ್ತ ಕೂತಿದ್ದರು.

"ಒಂದೇ ಒಂದು ಹಾಳೆ ತಾನೇ. ನೀವು ಮಕ್ಕಳನ್ನ ಲೈನ್ ನಿಲ್ಸಿ. ಟೀ ಚೆಲ್ಲಿದ್ದೂ ಇದೇ ಕೈ, ಲೆಕ್ಕ ಚುಕ್ತಾ ಮಾಡೋದೂ ಇದೇ ಕೈ."

ಐದು ನಿಮಿಷದಲ್ಲಿ ಅರವತ್ತನೆಯ ಪೊಟ್ಟಣ ಬಂತು. ಬಣ್ಣ, ದಾರ, ಮಡಿಕೆ ಎಲ್ಲ ಅಚ್ಚು ಹೊಡೆದ ಹಾಗೆ. ಮೇಷ್ಟ್ರು ಡ್ರಿಲ್ ಮೇಷ್ಟ್ರ ಕೈ ಹಿಡಿದುಕೊಂಡು, ನಿಮ್ಮನ್ನ ತಪ್ಪು ತಿಳಿದಿದ್ದೆ ಎಂದರು.

ಎರಡು ಗಂಟೆಗೆ ಮಕ್ಕಳು ಅರವತ್ತು ಗುಂಡಿಯಲ್ಲಿ ಅರವತ್ತು ಪೊಟ್ಟಣ ಹೂತರು. ಇದೇ ಕೊನೆ ಸಲ ಎಂಬ ಪ್ರೀತಿ ಉಕ್ಕಿ ಮೇಷ್ಟ್ರೇ ಪೈಪ್ ಹಿಡಿದು, ಒಂದೊಂದು ಗುಂಡಿಗೂ ಹೊಟ್ಟೆ ತುಂಬ ನೀರು ಕುಡಿಸಿದರು. ಮೂರಕ್ಕೆ ಮೇಡಂ ಚಾರ್ಜ್ ಕೊಟ್ಟು ಕಾರು ಹತ್ತಿದರು. ಎಲ್ಲರಿಗಿಂತ ಜೋರಾಗಿ ಕೈ ಬೀಸಿದವರು ಮೇಷ್ಟ್ರು.

ಆಫೀಸಿಗೆ ಹೋದರೆ ಮೇಜಿನ ಮೇಲೆ ಪೇಪರ್‌ವೇಟ್ ಒಂದೇ ಇತ್ತು.

ಡ್ರಿಲ್ ಮೇಷ್ಟ್ರು ಬಂದು ಒಂದು ಹಾಳೆ ಒಯ್ದರು, ಮಕ್ಕಳಿಗೆ ಬೇಕು ಅಂದರು ಎಂದ ಗುಮಾಸ್ತ. ಮೇಷ್ಟ್ರು ಮೇಡಂಗೆ ಫೋನ್ ಹಚ್ಚಿದರು.

"ಚಾರ್ಜ್ ಬಿಟ್ಟಾಯ್ತಲ್ಲ ಮೇಷ್ಟ್ರೇ. ಈಗ ನಾನು ಹಾಕಿದ್ರೆ ಅದು ಸಹಿ ಅಲ್ಲ, ಆಟೋಗ್ರಾಫು. ಆ ಕಾಗದ ಹುಡುಕಿ, ಹೊಸ ಸಾರ್‌ಗೆ ತೋರ್ಸಿ."

ಯಾವ ಗುಂಡಿಯೋ ಯಾರಿಗೆ ಗೊತ್ತು. ಮೇಷ್ಟ್ರು ಪ್ಯಾಂಟ್ ಮಡಿಸಿ ಕೆಸರಿಗಿಳಿದರು. ಒಂದೊಂದೇ ಉಂಡೆ ತೆಗೆಯುವುದು, ಸುತ್ತಲಿನ ಗಂಜಿ ತಡಕುವುದು, ಮಕ್ಕಳು ಅತ್ತಾರು ಎಂದು ಮತ್ತೆ ಹೂಳುವುದು. ಮೂವತ್ತೆಂಟನೇ ಗುಂಡಿಯಲ್ಲಿ ನೀಲಿ ಮಸಿ ಕಂಡಿತು. ಕಾಗದ ಕರಗಿತ್ತು, ಸಹಿ ಕರಗಿತ್ತು, ಸೀಲೂ ಕರಗಿತ್ತು. ಅವರ ಕಾಗದ ಅಷ್ಟು ಒಳ್ಳೆಯದಿತ್ತು. ಮಡಿಕೆಯೊಳಗೆ ಬೆರಳಗಲದ ಒಂದು ಚೂರು ಮಾತ್ರ ಉಳಿದಿತ್ತು. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ಓದಿದರು: '...ಇನ್ನು ಮುಂದೆ ತೋಟದ ಉಸ್ತುವಾರಿ ಡ್ರಿಲ್ ಮೇಷ್ಟ್ರ...'

ಮೇಷ್ಟ್ರು ಕೆಸರಲ್ಲೇ ಕೂತರು. ಆ ಚೂರೂ ಒದ್ದೆ ಬೆರಳಲ್ಲಿ ಕರಗಿಹೋಯಿತು.

ತಲೆಯೆತ್ತಿದರೆ ಕಿಟಕಿಯಲ್ಲಿ ಹೊಸ ಹೆಡ್ ಸಾರ್. ಅದೇ ಕಿಟಕಿ.

"ನಿಮ್ಗೆ ತೋಟ ಬೇಡ್ವಂತೆ ಅಂತ ಯಾರೋ ಅಂದಿದ್ರು. ಸ್ಕೂಲ್ ಬಿಟ್ಮೇಲೂ ಹೀಗೆ ಮಣ್ಣಲ್ಲಿ ಕೂತಿರೋರನ್ನ ಎಲ್ಲೂ ನೋಡಿಲ್ಲ ನಾನು. ನಾನಿರೋವರೆಗೂ ಈ ತೋಟ ನಿಮ್ದೇ ಮೇಷ್ಟ್ರೇ, ಯಾರಿಗೂ ಕೊಡಲ್ಲ."

ಹಿಂದಿನಿಂದ ಡ್ರಿಲ್ ಮೇಷ್ಟ್ರು ನಿಧಾನವಾಗಿ ನಡೆದುಬಂದು, ಪೈಪಿನ ತುದಿಯನ್ನು ಭಕ್ತಿಯಿಂದ ಅವರ ಕೈಗಿಟ್ಟರು.

"ಮೂವತ್ತೆಂಟು ಗುಂಡಿ ಕೆದಕಿಬಿಟ್ಟಿದ್ದೀರ. ಮೇಲೇನೇ ಬರೆದಿದ್ರಲ್ಲ ಮೇಷ್ಟ್ರೇ, ಬಿಚ್ಚಬೇಡಿ ಅಂತ."