ಶಿರಸ್ತ್ರಾಣದ ಶಿಳ್ಳೆ

ನಾನು ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಕೇಳಿಸುವುದಿಲ್ಲ ಅನ್ನುವುದು ನನ್ನ ಮೇಲಿರುವ ಹಳೆಯ ಆಪಾದನೆ. ತಪ್ಪು ನನ್ನದಲ್ಲ, ಉದ್ಯೋಗದ್ದು. ಹದಿನಾರು ವರ್ಷದಿಂದ ಗ್ರಂಥಾಲಯದಲ್ಲಿ ಕೂತು ಓದುಗರಿಗೆ 'ಶ್...' ಅಂದು ಅಂದು, ಕೊನೆಗೆ ನನ್ನ ಗಂಟಲೇ ನನ್ನ ಮಾತು ಕೇಳಿ ಸುಮ್ಮನಾಗಿಬಿಟ್ಟಿದೆ. ಮನೆಯಲ್ಲಂತೂ ಮಾತಾಡುವ ಸರದಿಯೇ ಬರುವುದಿಲ್ಲವಾದ್ದರಿಂದ (ಇದನ್ನೂ ಮೆಲ್ಲಗೇ ಹೇಳುತ್ತಿದ್ದೇನೆ) ಅದೊಂದು ಕೊರತೆ ಅಂತ ಅನಿಸಿರಲಿಲ್ಲ.

ಇಂಥ ನನಗೆ ಮಗಳ ಶಾಲೆಯ ನಾಟಕದಲ್ಲಿ ಏಳು ನಕ್ಷತ್ರಲೋಕಗಳ ಚಕ್ರವರ್ತಿಯ ಪಾತ್ರ ಸಿಕ್ಕಿತು. ಮಕ್ಕಳ ಜೊತೆ ಒಬ್ಬ ಪೋಷಕರೂ ನಟಿಸಬೇಕು ಅಂತ ನಾಟಕದ ಮೇಡಮ್ ಹುಕುಂ ಹೊರಡಿಸಿದ್ದರು. ಪೋಷಕರ ಸಭೆಯಲ್ಲಿ ಬಾಗಿಲಿಗೆ ತಲೆ ಬಡಿಸಿಕೊಂಡು ಒಳಗೆ ಬಂದವನು ನಾನೊಬ್ಬನೇ. ಎತ್ತರ ನೋಡಿ ಕೊಟ್ಟ ಪಾತ್ರವೇ ಹೊರತು ದನಿ ಕೇಳಿ ಕೊಟ್ಟದ್ದಲ್ಲ. ಎಂಟು ವರ್ಷದ ಮಗಳು ನನ್ನ ಸೇನೆಯಲ್ಲಿ ಮೂರನೇ ಸಿಪಾಯಿ. "ನಮ್ಮಪ್ಪ ಗುಡುಗಿದ್ರೆ ಗ್ರಹಗಳೆಲ್ಲ ಗಡಗಡ ನಡುಗ್ತವೆ" ಅಂತ ಇಡೀ ತರಗತಿಗೆ ಸಾರಿ ಬಂದಿದ್ದಳು.

ಗುಡುಗಬೇಕಾದದ್ದು ಶಿರಸ್ತ್ರಾಣದೊಳಗಿಂದ. ಶಿರಸ್ತ್ರಾಣ ಅಂದರೆ, ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಬೆಳ್ಳಿ ಬಣ್ಣ ಬಳಿದು ಬೋರಲು ಹಾಕಿದ ಬಕೆಟ್ಟು. ಕಣ್ಣಿಗೆ ಎರಡು ಸೀಳು, ಬಾಯಿಗೊಂದು ಜಾಲರಿ. ಮೊದಲ ತಾಲೀಮಿನಲ್ಲಿ ಅದರೊಳಗಿಂದ "ಎಲೈ ಕ್ಷುದ್ರ ಗ್ರಹವಾಸಿಗಳಿರಾ!" ಅಂತ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಅಬ್ಬರಿಸಿದೆ. ಮೇಡಮ್ ಓಡಿ ಬಂದು, "ಯಾಕೆ ಸರ್, ಒಳಗೆ ಸೆಖೆಯಾಗ್ತಿದೆಯಾ?" ಅಂದರು.

ಅವತ್ತೇ ನನಗೊಂದು ಬ್ರಹ್ಮಾಂಡ ಉಪಾಯ ಹೊಳೆಯಿತು. ಅಂಗಡಿಗೆ ಹೋಗಿ ಒಂದು ವೈರ್‌ಲೆಸ್ ಮೈಕು, ಜೊತೆಗೆ ಸೋಪಿನ ಡಬ್ಬಿಯಷ್ಟು ದೊಡ್ಡ ಸ್ಪೀಕರು ತಂದೆ. ಮೈಕನ್ನು ಬಕೆಟ್ಟಿನೊಳಗೆ ಜಾಲರಿಗೆ ಕಟ್ಟಿ, ಸ್ಪೀಕರನ್ನು ಹೊರಗೆ ಗದ್ದದ ಹತ್ತಿರ ಟೇಪು ಹಾಕಿ ಅಂಟಿಸಿದೆ. ಮನೆಯ ಹಾಲಿನ ನಡುವೆ ನಿಂತು, ಗುಂಡಿ ಒತ್ತಿ, "ಎಲೈ" ಅಂದೆ.

"ಕುಂಯ್ಯ್ಯ್ಯ್ಯ್!"

ನೂರು ಕುಕ್ಕರುಗಳು ಒಟ್ಟಿಗೆ ಸೀಟಿ ಹೊಡೆದ ಹಾಗಾಯಿತು. ಪಕ್ಕದ ಮನೆಯ ನಾಯಿ ಅದೇ ಶ್ರುತಿಯಲ್ಲಿ ಉತ್ತರ ಕೊಟ್ಟಿತು. ಪೇಪರು ಓದುತ್ತಿದ್ದ ನನ್ನ ಅತ್ತೆ (ಹೆಂಡತಿಯ ತಾಯಿ, ಇರುವುದು ನಮ್ಮ ಜೊತೆಯಲ್ಲೇ) ತಮ್ಮ ಶ್ರವಣಯಂತ್ರವನ್ನು ಕಿವಿಯಿಂದ ಕಿತ್ತು ಮೇಜಿನ ಮೇಲೆ ಕುಕ್ಕಿ, "ಇದು ಮತ್ತೆ ಕಿರುಚ್ತಿದೆ ನೋಡೇ!" ಅಂತ ತಮ್ಮ ಮಗಳನ್ನು ಕೂಗಿದರು.

ನನ್ನ ಹೆಂಡತಿ ಕೆಲಸ ಮಾಡುವುದು ಶ್ರವಣಯಂತ್ರದ ಕ್ಲಿನಿಕ್ಕಿನಲ್ಲಿ. ದಿನಕ್ಕೆ ಹತ್ತು ಕಿವಿಗಳಲ್ಲಿ ಇಂಥ ಶಿಳ್ಳೆ ನಿಲ್ಲಿಸಿ ಮನೆಗೆ ಬರುವವಳು. ಅಡುಗೆಮನೆಯಿಂದ ಇಣುಕಿ ನೋಡಿದಳು. "ಅಮ್ಮಂದಲ್ಲ, ನಿಮ್ಮದು! ಸ್ಪೀಕರಿನ ದನಿ ವಾಪಸ್ ಮೈಕಿಗೇ ಹೋಗ್ತಿದೆ, ಅದು ಮತ್ತೆ ಸ್ಪೀಕರಿಗೆ. ಹೀಗೇ ಸುತ್ತಿ ಸುತ್ತಿ ಕಿರುಚ್ತಿದೆ. ಕೊಡಿ ಇಲ್ಲಿ."

"ಇದು ಕಿವಿಯಲ್ಲ ಕಣೆ, ರಂಗಭೂಮಿ," ಅಂದೆ.

"ಹಾಗಾದ್ರೆ ಕಿರುಚಿಸ್ಕೊಳ್ಳಿ," ಅಂತ ಒಳಗೆ ಹೋದಳು.

ನೀವೇ ಹೇಳಿ, ಏಳು ಲೋಕಗಳ ಒಡೆಯ ತನ್ನ ಕಿರೀಟವನ್ನು ಹೆಂಡತಿಯ ಕೈಯಲ್ಲಿ ರಿಪೇರಿ ಮಾಡಿಸಿಕೊಳ್ಳುವುದೆ? ಮುಂದಿನ ಮೂರು ದಿನ ಏಕಾಂಗಿಯಾಗಿ ಹೋರಾಡಿದೆ. ಸ್ಪೀಕರಿನ ದನಿ ತಗ್ಗಿಸಿದೆ. ಶಿಳ್ಳೆ ನಿಂತಿತು, ಜೊತೆಗೆ ಮಾತೂ ನಿಂತಿತು. ಮೈಕಿಗೆ ಕಾಲುಚೀಲ ತೊಡಿಸಿದೆ. ಶಿಳ್ಳೆ ಹಾಗೇ ಇತ್ತು, ವಾಸನೆಯೊಂದು ಹೊಸದಾಗಿ ಸೇರಿಕೊಂಡಿತು (ಒಗೆದದ್ದನ್ನು ತೆಗೆದುಕೊಳ್ಳಬೇಕಿತ್ತು). ಸೂರಿನ ಕಡೆ ಮುಖ ಎತ್ತಿದರೆ ಕಡಿಮೆ ಕಿರುಚುತ್ತದೆ ಅಂತ ಗೊತ್ತಾಗಿ ಒಂದು ಸಂಜೆಯೆಲ್ಲ ಹಾಗೇ ಓಡಾಡಿದೆ, ಟೀಪಾಯಿಗೆ ಮೊಣಕಾಲು ಬಡಿಸಿಕೊಂಡ ಮೇಲೆ ಬಿಟ್ಟೆ.

ಕೊನೆಗೆ ನಮ್ಮ ಗ್ರಂಥಾಲಯದ ಪುಸ್ತಕವೊಂದರಲ್ಲಿ, ಮೆತ್ತನೆಯ ವಸ್ತು ದನಿಯನ್ನು ಹೀರಿಕೊಳ್ಳುತ್ತದೆ ಅಂತ ಓದಿದೆ. ಮೆತ್ತನೆಯ ವಸ್ತು ಹುಡುಕುತ್ತ ಮನೆಯೆಲ್ಲ ಸುತ್ತಿದೆ. ಅತ್ತೆಯ ಕುರ್ಚಿಯ ದಿಂಬಿನೊಳಗೆ ನಾಲ್ಕು ಬೆರಳು ದಪ್ಪದ ಸ್ಪಂಜು ಇತ್ತು. ಅತ್ತೆ ವಾಕಿಂಗಿಗೆ ಹೋಗಿದ್ದರು. ಹೆಚ್ಚು ವಿವರಿಸುವುದಿಲ್ಲ. ಸ್ಪಂಜು ಬಕೆಟ್ಟಿಗೆ ಹೋಯಿತು, ಅದರ ಜಾಗಕ್ಕೆ ಹಳೆಯ ಪೇಪರು ಹೋಯಿತು, ಹೊಲಿಗೆ ನಾನೇ ಹಾಕಿದೆ.

ಶಿಳ್ಳೆ ಅರ್ಧಕ್ಕರ್ಧ ಇಳಿಯಿತು, ನಿಜ. ಆದರೆ ಸ್ಪಂಜು ಕಿವಿಗೂ ಅಡರಿಕೊಂಡು, ಹೊರಗಿನದು ನನಗೆ ಕೇಳಿಸುವುದು ಪೂರ್ತಿ ಇಳಿಯಿತು. ಕೊನೆಯ ತಾಲೀಮಿನಲ್ಲಿ ಮೇಡಮ್ "ನಿಲ್ಲಿಸಿ, ನಿಲ್ಲಿಸಿ" ಅಂತ ಕೈ ಬೀಸುತ್ತಿದ್ದರೆ, ಶಹಬ್ಬಾಸ್‌ಗಿರಿ ಅಂದುಕೊಂಡು ಇನ್ನೂ ಎರಡು ಪುಟ ಕುಂಯ್‌ಗುಟ್ಟಿದೆ. ತಿರುಗಿ ನೋಡಿದರೆ ನನ್ನ ಸೈನ್ಯ ಕಿವಿ ಮುಚ್ಚಿಕೊಂಡು ಪರದೆಯ ಹಿಂದೆ ಅಡಗಿತ್ತು. ಮೂರನೇ ಸಿಪಾಯಿಯೂ.

ಮನೆಗೆ ಬಂದು ಶೂ ಬಿಚ್ಚುತ್ತ ಮಗಳು ತಲೆಯೆತ್ತದೆ ಕೇಳಿದಳು. "ಅಪ್ಪ, ನಾಳೆ ನಿಂಗೆ ಜ್ವರ ಅಂತ ಹೇಳ್ಲಾ?"

ಗ್ರಹಗಳೆಲ್ಲ ನಡುಗುತ್ತವೆ ಅಂದಿದ್ದ ಬಾಯಿ ಅದು. ಬಕೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಅಡುಗೆಮನೆಗೆ ಹೋಗಿ ನಿಂತೆ. "ಸ್ವಲ್ಪ... ಇದನ್ನ ನೋಡ್ತೀಯಾ?"

ಹೆಂಡತಿ ಕೈ ಒರೆಸಿಕೊಂಡು ಅದನ್ನು ಹಿಂದೆ ಮುಂದೆ ತಿರುಗಿಸಿದಳು. "ರೀ, ಇದು ವೈರ್‌ಲೆಸ್ ಅಲ್ವಾ?"

"ಹೌದು."

"ಅಂದ್ರೆ ವೈರು ಇಲ್ಲ."

"ಇಲ್ಲ."

"ಮತ್ತೆ ಸ್ಪೀಕರನ್ನ ಗದ್ದಕ್ಕೆ ಯಾಕೆ ನೇತುಹಾಕಿದೀರಿ? ಸಿಂಹಾಸನದ ಕೆಳಗೆ ಜನರ ಕಡೆ ತಿರುಗಿಸಿ ಇಟ್ಟರೆ ಬೇಡ ಅಂದವರು ಯಾರು?"

ಏಳು ಲೋಕಗಳ ಒಡೆಯ ಹೋಗಿ ಕತ್ತರಿ ತಂದುಕೊಟ್ಟ. ಅವಳು ಟೇಪು ಕಿತ್ತಳು. ಮೈಕನ್ನು ಜಾಲರಿಯಿಂದ ಬಿಚ್ಚಿ, ಒಂದು ತಂತಿ ಬಗ್ಗಿಸಿ, ಸರಿಯಾಗಿ ನನ್ನ ತುಟಿಯ ಪಕ್ಕಕ್ಕೆ ಬರುವ ಹಾಗೆ ಕೂರಿಸಿದಳು. "ಬಾಯಿಗೆ ಇಷ್ಟು ಹತ್ತಿರ ಇದ್ರೆ ಜಾಸ್ತಿ ದನಿ ಇಡೋದೇ ಬೇಡ. ನಿಮ್ಮ ಮಾತೊಂದನ್ನೇ ಹಿಡಿಯುತ್ತೆ, ಪಕ್ಕದವರದ್ದು ಹಿಡಿಯಲ್ಲ. ವೇದಿಕೆಗೆ ಹೋಗೋವಾಗ ಮಾತ್ರ ಆನ್ ಮಾಡ್ಕೊಳ್ಳಿ."

ಹತ್ತೇ ನಿಮಿಷದ ಕೆಲಸ. ಸ್ಪೀಕರನ್ನು ಹಾಲಿನ ಆ ತುದಿಯಲ್ಲಿಟ್ಟು "ಎಲೈ" ಅಂದೆ. ಗುಡುಗಿತು! ಒಂದು ಕುಂಯ್ ಇಲ್ಲ. ಮಗಳು ಸೋಫಾ ಹತ್ತಿ ಕುಣಿದಳು.

"ಈ ಸ್ಪಂಜು ಚೆನ್ನಾಗಿದೆಯಲ್ಲ, ಎಲ್ಲಿಂದ ತಂದ್ರಿ?" ಅಂದಳು ಹೆಂಡತಿ.

"ಅಂಗಡಿಯಿಂದ," ಅಂದೆ.

ಮರುದಿನ ಎರಡು ಪ್ರದರ್ಶನ, ಬೆಳಿಗ್ಗೆ ಒಂದು, ಸಂಜೆ ಒಂದು. ಬೆಳಗಿನದಕ್ಕೇ ಸಭಾಂಗಣ ತುಂಬಿತ್ತು. ಸ್ಪೀಕರು ಆಗಲೇ ಸಿಂಹಾಸನದ ಕೆಳಗೆ ಸೇರಿತ್ತು. ಅತ್ತೆ ಮೊದಲ ಸಾಲಿನಲ್ಲಿ ಕೂತಿದ್ದರು. ನನ್ನ ಪ್ರವೇಶ ಮೂರನೇ ದೃಶ್ಯಕ್ಕಾದರೂ ಉತ್ಸಾಹ ತಡೆಯಲಾರದೆ ಬಣ್ಣದ ಕೋಣೆಯಲ್ಲೇ ಬಕೆಟ್ಟು ಧರಿಸಿ, ಮೈಕು ಆನ್ ಮಾಡಿಕೊಂಡು ಸಿದ್ಧನಾದೆ. ವೇದಿಕೆಗೂ ಆ ಕೋಣೆಗೂ ನಡುವೆ ಎರಡು ಬಾಗಿಲು, ಒಂದು ಉದ್ದನೆಯ ಮೊಗಸಾಲೆ.

ಅಷ್ಟರಲ್ಲಿ ಹೆಂಡತಿ ಬಂದಳು. ಕೈಯಲ್ಲಿ ಮುದುಡಿದ ಹಳೇ ಪೇಪರು. ನನ್ನನ್ನು ಬಗ್ಗಿಸಿ, ಕಣ್ಣಿನ ಸೀಳಿಗೆ ಬಾಯಿಟ್ಟು, "ಅಮ್ಮ ಬೆಳಿಗ್ಗೆ ಕೂತ್ಕೊಂಡ್ರೆ ಕುರ್ಚಿ ಪರಪರ ಅಂತು. ಹೊಲಿಗೆ ಬಿಚ್ಚಿ ನೋಡಿದೆ," ಅಂದಳು.

"ತಪ್ಪಾಯ್ತು ಕಣೆ! ಸ್ಪಂಜು ಕುಯ್ದಿದ್ದು ನಾನೇ!"

"ಅಂಗಡಿಯಿಂದ ಅಂದ್ರಿ."

"ಸುಳ್ಳು ಹೇಳಿದೆ. ನಿನಗೆ ಹೆದರಿ ಹೇಳಿದೆ. ಅತ್ತೆಗೆ ಮಾತ್ರ ಹೇಳಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ! ಒಂದು ವಾರ ಪಾತ್ರೆ ನಾನೇ ತೊಳೀತೀನಿ."

"ಒಂದು ವಾರ?"

"ಆಯ್ತು ಮಹಾರಾಯ್ತಿ, ಒಂದು ತಿಂಗಳು! ನೀನು ಹೇಳಿದ ಹಾಗೇ ಆಗ್ಲಿ!"

ಅವಳು ತಣ್ಣಗಾಗಿ ಹೊರಟುಹೋದಳು. ಲೋಕಾಧಿಪತಿಯಾದರೂ ಮೊದಲು ಪತಿ ತಾನೆ, ಹಗುರಾದ ಮನಸ್ಸಿನಿಂದ ವೇದಿಕೆಗೆ ನಡೆದೆ. ಸೀಳಿನಲ್ಲಿ ನೋಡಿದರೆ ಜನ ಹೊಟ್ಟೆ ಹಿಡಿದುಕೊಂಡು ಬಗ್ಗಿದ್ದರು. ಭಯ, ಅಂದುಕೊಂಡೆ. ಸಿಂಹಾಸನದ ಮುಂದೆ ನಿಂತು, ಕೈ ಎತ್ತಿ, ಗುಡುಗಿದೆ. "ಏಳು ಲೋಕಗಳಲ್ಲಿ ನನಗೆ ಅಪ್ಪಣೆ ಕೊಡುವವರು ಯಾರಿದ್ದಾರೆ?"

'ಯಾರೂ ಇಲ್ಲ ಪ್ರಭು' ಅನ್ನಬೇಕಾದವಳು ಮೂರನೇ ಸಿಪಾಯಿ. ಸುಳ್ಳು ಹೇಳಬಾರದು ಅಂತ ಅವಳಿಗೆ ಕಲಿಸಿದವನು ನಾನೇ. ಒಂದು ಕ್ಷಣ ನನ್ನನ್ನೂ ಸಿಂಹಾಸನದ ಕೆಳಗಿನ ಸ್ಪೀಕರನ್ನೂ ನೋಡಿದಳು. ನಂತರ ನನ್ನ ಕಿವಿಯ ಸ್ಪಂಜನ್ನೂ ಭೇದಿಸಿಕೊಂಡು ಬರುವಷ್ಟು ಗಟ್ಟಿಯಾಗಿ ಹೇಳಿದಳು.

"ಅಮ್ಮ!"

ಸಭಾಂಗಣ ಎದ್ದು ನಿಂತಿತು. ಅತ್ತೆಯಂತೂ ಕುರ್ಚಿಯ ಮೇಲೆ ಹತ್ತುವುದೊಂದು ಬಾಕಿ.

ಪರದೆ ಬಿದ್ದ ಮೇಲೆ ಮೇಡಮ್ ಕಣ್ಣೀರು ಒರೆಸಿಕೊಳ್ಳುತ್ತ ಬಂದರು. "ಅದ್ಭುತ ಸರ್! ಪ್ರತಿ ಅಕ್ಷರ ಸ್ಪಷ್ಟವಾಗಿ ಕೇಳಿಸ್ತು. ನಿಮ್ಮ ಕಡೆಯ ಮಾತು ಮಾತ್ರ ಕೇಳಿಸಿದ್ದು ಇನ್ನೂ ಮಜಾ. ಬಣ್ಣದ ಕೋಣೆಯ ಆ ಸಂಭಾಷಣೆಯನ್ನ ಸಂಜೆ ಪ್ರದರ್ಶನದಲ್ಲೂ ಇಟ್ಟುಬಿಡೋಣ, ಒಂದಕ್ಷರ ಬದಲಾಗಬಾರದು."

ಆಗಲೇ ನನಗೆ ನಡೆದದ್ದೆಲ್ಲ ಅರ್ಥವಾದದ್ದು. ಓಡಿಹೋಗುವ ಹಾಗಿರಲಿಲ್ಲ. ಮಗಳು ನನ್ನ ಕೈ ಹಿಡಿದುಕೊಂಡು, "ಇವ್ರೇ ನಮ್ಮಪ್ಪ" ಅಂತ ಹೋಗಿ ಬರುವವರಿಗೆಲ್ಲ ತೋರಿಸುತ್ತಿದ್ದಳು.

ಮಧ್ಯಾಹ್ನ ಊಟವಾದ ಮೇಲೆ ಮನೆಯಲ್ಲಿ ತಾಲೀಮು ಶುರುವಾಯಿತು. ನಾನು ಸಿಂಕಿನ ಮುಂದೆ ನಿಂತು ಬಾಣಲೆ ಉಜ್ಜುತ್ತ ಮಾತು ಒಪ್ಪಿಸುತ್ತಿದ್ದೆ. ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಅತ್ತೆ ನಿರ್ದೇಶಕರ ಹಾಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

"'ಕಾಲಿಗೆ ಬೀಳ್ತೀನಿ' ಅನ್ನೋವಾಗ ಭಾವ ಸಾಲದು," ಅಂದಳು ಹೆಂಡತಿ. "ಇನ್ನೊಂದ್ಸಲ."

"ನಂಗೂ ಹಾಗೇ ಅನ್ನಿಸ್ತು ಅಳಿಯಂದ್ರೇ," ಅಂದರು ಅತ್ತೆ. "ಬಿದ್ದೇ ಹೇಳಿದ್ರೆ ಹೇಗೆ?"