ಒಂದೇ ಮಧ್ಯಾಹ್ನದ ಆಲೂಗಡ್ಡೆ

ಬೇಸಿಗೆಯು ಸಾರ್ವಜನಿಕ ಸ್ವತ್ತಾಗಿದ್ದು, ಅದನ್ನು ಯಾರೂ ಯೋಜನೆಯಿಲ್ಲದೆ ಬಳಸತಕ್ಕದ್ದಲ್ಲವೆಂದು ಉತ್ತರ ಫಿನ್ಲೆಂಡಿನ ಹಲ್ಲಯಾರ್ವಿ ಪುರಸಭೆ ಸರ್ವಾನುಮತದಿಂದ ನಿರ್ಣಯಿಸಿತು. ಹಿಮ ಕರಗಿ ಮತ್ತೆ ಬೀಳುವುದರೊಳಗೆ ಆ ಊರಿಗೆ ದಕ್ಕುವುದು ಅಂಗೈಯಗಲದ ಬೇಸಿಗೆ; ಕಾಳಜಿ ಸಹಜವೇ. ಇನ್ನು ಮುಂದೆ ಬೆಳೆ ಯೋಜನಾ ಸಮಿತಿಯ ಒಪ್ಪಿಗೆಯಿಲ್ಲದೆ ಒಂದು ಆಲೂಗಡ್ಡೆಯೂ ಮಣ್ಣಿಗಿಳಿಯುವಂತಿರಲಿಲ್ಲ.

ಹಿಲ್ಕಾ ಎಂಬ ವಿಧವೆ ಈ ನಿಯಮವನ್ನು ಗೌರವದಿಂದಲೇ ಓದಿದಳು. ಅವಳ ನೆಲಮಾಳಿಗೆಯ ಬಿತ್ತನೆ ಗಡ್ಡೆಗಳಿಗೆ ಮಾತ್ರ ಓದು ಬರುತ್ತಿರಲಿಲ್ಲ. ಅತ್ತೆಯ ಕಾಲದಿಂದ ಬಂದ, ಬೆರಳಿನಂತೆ ಸಪೂರವಾದ ಆ ಹಳದಿ ತಳಿ ಬೇರೆ ಯಾರ ಮನೆಯಲ್ಲೂ ಉಳಿದಿರಲಿಲ್ಲ. ಮೊಳಕೆ ಗೇಣುದ್ದ ಬಂದಿತ್ತು. ಈ ಸಲ ತಪ್ಪಿದರೆ ತಳಿಯೇ ಮುಗಿಯಿತು. ಅವಳು ಸಮಿತಿಯ ಕಾರ್ಯದರ್ಶಿಯಾದ ತನ್ನ ಅಕ್ಕನ ಮಗ ತೌನೋನ ಕಚೇರಿಗೆ ಹೋದಳು.

“ನೆಲ ಕರಗಿದೆ ಕಣೋ. ಒಪ್ಪಿಗೆ ಯಾವಾಗ?”

“ಸಮಿತಿ ಸೇರಿದಾಗ, ಚಿಕ್ಕಮ್ಮ.”

“ಯಾವಾಗ ಸೇರುತ್ತೆ?”

“ಬೇಸಿಗೆ ರಜೆ ಮುಗಿದ ಮೇಲೆ.”

“ನಿಮ್ಮ ರಜೆ ಮುಗಿಯೋ ಹೊತ್ತಿಗೆ ಬೇಸಿಗೆನೂ ಮುಗಿದಿರುತ್ತಲ್ಲೋ!”

“ಅದು ಕಾಕತಾಳೀಯ,” ಎಂದ ತೌನೋ, ಮೀನು ಹಿಡಿಯುವ ಗಾಳಗಳನ್ನು ಚೀಲಕ್ಕೆ ತುಂಬುತ್ತಾ.

ಹಿಲ್ಕಾ ಮನೆಗೆ ಬಂದು ಗುದ್ದಲಿ ಹಿಡಿದಳು. ಸೂರ್ಯ ಮುಳುಗದ ದಿನಗಳು. ಕದ್ದು ಬಿತ್ತೋಣವೆಂದರೆ ಕತ್ತಲೆಯೇ ಸಿಗಲಿಲ್ಲ. ಊರೆಲ್ಲ ನೋಡುವಂತೆ ಬಿತ್ತಿದಳು. ಕೆರೆಯಂಚಿನ ಸೌನಾದಲ್ಲಿ ಬಿಸಿಯಾವಿಯ ಸ್ನಾನಕ್ಕೆ ಹೊರಟಿದ್ದ ತೌನೋ ಬೇಲಿಯ ಬಳಿ ನಿಂತಾಗ ಅವಳು ಗುದ್ದಲಿಯನ್ನು ಬೆನ್ನ ಹಿಂದೆ ಅಡಗಿಸಿದಳು.

“ನೋಡಿಬಿಟ್ಟೆಯೇನೋ?”

“ರಜೆಯಲ್ಲಿದ್ದೀನಿ ಚಿಕ್ಕಮ್ಮ. ನೋಡೋ ಅಧಿಕಾರ ಇಲ್ಲ.”

ಮೊದಲ ಹಿಮ ಎಲೆಗಳನ್ನು ಸುಟ್ಟು ಕಪ್ಪಾಗಿಸಿದ ದಿನ ಅವಳು ಗಡ್ಡೆ ಅಗೆದಳು. ಬುಟ್ಟಿ ತುಂಬುವಷ್ಟರಲ್ಲಿ ಸಮಿತಿಯೇ ಕಾರಿನಿಂದಿಳಿಯಿತು.

“ಅಭಿನಂದನೆಗಳು,” ಎಂದರು ಅಧ್ಯಕ್ಷೆ ಆರ್ಮಿ. “ಒಪ್ಪಿಗೆ ಸಿಕ್ಕಿದೆ. ಬಿತ್ತಬಹುದು.”

“ಅಗೆದಾಯ್ತಲ್ಲಮ್ಮ!”

“ಬಿತ್ತದೆ ಅಗೆಯಲು ನಿಯಮದಲ್ಲಿ ಅವಕಾಶವಿಲ್ಲ. ಇವು ಅಕ್ರಮ ಆಲೂಗಡ್ಡೆಗಳು. ಮುಟ್ಟುಗೋಲು ಹಾಕಬೇಕಾಗುತ್ತದೆ.”

ಹಿಲ್ಕಾ ಬುಟ್ಟಿಯನ್ನು ಮಗುವಿನಂತೆ ಅವಚಿಕೊಂಡಳು. ಚಿಕ್ಕಂದಿನಲ್ಲಿ ಚಳಿಗಾಲವಿಡೀ ಅದೇ ಗಡ್ಡೆ ತಿಂದು ಬೆಳೆದ ತೌನೋ ಕೆಮ್ಮಿದ. “ಚಿಕ್ಕಮ್ಮ, ವಾಪಸ್ ಹೂತುಬಿಡಿ. ಬಿತ್ತಿದ ಹಾಗಾಯ್ತು.”

ಅವಳು ಒಂದೊಂದಾಗಿ ಹೂತಳು. ಸಮಿತಿ ಚಪ್ಪಾಳೆ ತಟ್ಟಿತು, ಅವಳ ಅಡುಗೆಮನೆಯಲ್ಲೇ ಕಾಫಿ ಕುಡಿಯಿತು. ಕಾಫಿಯಾದ ಮೇಲೆ ಅವಳು ಎಲ್ಲರೆದುರು ಮತ್ತೆ ಅಗೆದಳು. ಬಿತ್ತನೆ ಮಧ್ಯಾಹ್ನ, ಕೊಯ್ಲು ಸಂಜೆ ಎಂದು ದಾಖಲಾಯಿತು. ದೇಶದಲ್ಲೇ ಇಷ್ಟು ಚುರುಕಿನ ಬೆಳೆ ಮತ್ತೊಂದಿಲ್ಲವೆಂದು ರಾಜಧಾನಿಯಿಂದ ಪ್ರಶಸ್ತಿ ಬಂತು. ಬೆಳೆಗೆ ಒಂದೇ ಮಧ್ಯಾಹ್ನ ಸಾಕೆಂಬುದು ಸಾಬೀತಾಗಿರುವ ಕಾರಣ, ಮಿಕ್ಕ ಬೇಸಿಗೆಯನ್ನು ಹೆಚ್ಚುವರಿಯೆಂದು ಘೋಷಿಸಿ ನೌಕರರ ರಜೆಗೆ ಸೇರಿಸಲಾಯಿತು.

ಈಗ ಊರಿನವರೆಲ್ಲ ತಮ್ಮ ಪಾಡಿಗೆ ಬೆಳೆಯುತ್ತಾರೆ, ಅಗೆಯುತ್ತಾರೆ, ಸಮಿತಿ ಬಂದ ದಿನ ಹೂಳುತ್ತಾರೆ, ಮತ್ತೆ ಅಗೆಯುತ್ತಾರೆ. ಕಳೆದ ಸಭೆಯಲ್ಲಿ ಹಿಲ್ಕಾ ಎದ್ದುನಿಂತು ಕೇಳಿದಳು:

“ಹೇಗೂ ಅಗೆದ ತಕ್ಷಣ ತಿನ್ನೋದೇ ತಾನೆ. ಬೇಯಿಸಿಯೇ ಹೂತರೆ ಆಗಲ್ವಾ?”

ಸಮಿತಿ ನಿಯಮಗಳನ್ನು ತಿರುವಿಹಾಕಿತು. ಬೇಯಿಸಬಾರದೆಂದು ಎಲ್ಲೂ ಇರಲಿಲ್ಲ. ಬೆಂದ ಗಡ್ಡೆಗೆ ಬೆಣ್ಣೆ ಯಾರು ತರಬೇಕೆಂಬುದನ್ನು ಮಾತ್ರ ಉಪಸಮಿತಿಗೆ ಒಪ್ಪಿಸಲಾಯಿತು.