ತೊಂಡಾಮುತ್ತೂರಿನ ಮರಿಗಳು

ಮಕ್ಕಳಿಗೆ ಪಾಠ ಹೇಳಲು ಕೂತರೆ ಊರಿನ ಗುಟ್ಟೆಲ್ಲ ತಾನಾಗಿ ನಮ್ಮ ಜಗಲಿಗೇ ನಡೆದು ಬರುತ್ತದೆ. ನಾನು ಚಾಮರಾಜನಗರದ ಕಡೆಯಿಂದ ಮದುವೆಯಾಗಿ ಗಡಿಯಾಚೆ ತಮಿಳು ಸೀಮೆಯ ತೊಂಡಾಮುತ್ತೂರಿಗೆ ಬಂದವಳು. ಇಲ್ಲಿ ನಮ್ಮವರು ಮನೆಯೊಳಗೆ ಕನ್ನಡ ಆಡುತ್ತಾರೆ, ಅದರ ಅಕ್ಷರ ಮಾತ್ರ ಯಾರಿಗೂ ಬಾರದು. ಹಾಗಾಗಿ ಕೆಲವು ವರ್ಷ ಭಾನುವಾರ ಬೀದಿಯ ಮಕ್ಕಳನ್ನು ಕೂರಿಸಿಕೊಂಡು ಕನ್ನಡ ಹೇಳಿಕೊಟ್ಟೆ. ಅಕ್ಷರ ತಿದ್ದಿಸಿದ ಮೇಲೆ ನಾನೊಂದು ಪದ ಕೊಡುವುದು, ಅವರು ಬಾಯಲ್ಲೇ ವಾಕ್ಯ ಮಾಡುವುದು. ಆ ಮಕ್ಕಳೆಲ್ಲ ಈಗ ಶರವಣಂಪಟ್ಟಿಯ ಕಾಲೇಜುಗಳಿಗೆ ಬಸ್ಸು ಹತ್ತುತ್ತಾರೆ. ಖಾಲಿ ಜಗಲಿ ನೋಡಿದರೆ ನನಗೆ ಬೇಸರವಾಗುತ್ತದೆ. ಅದರಲ್ಲೂ ‘ಮರಿ’ ಎಂಬ ಪದ ಕೊಟ್ಟ ದಿನಗಳು ನೆನಪಾಗುತ್ತವೆ. ನಮ್ಮವ್ವ ನನ್ನನ್ನು ಕರೆಯುತ್ತಿದ್ದುದೂ ಮರಿ ಎಂದೇ.

ಆನೆಮರಿ

ಮೊದಲು ಎಲ್ಲರೂ ನಾಯಿಮರಿ ಓಡುತ್ತದೆ ಎಂದು ಒಂದೇ ರಾಗ ಎಳೆದರು. ನಿಮ್ಮ ಮನೆಯಲ್ಲಿ ನಿಜವಾಗಿ ನಡೆದದ್ದನ್ನೇ ಹೇಳಿ ಎಂದೆ. ಪಕ್ಕದ ಮನೆಯ ಹುಡುಗ ಎದ್ದು ನಿಂತ. ಬಾಳೆತೋಟಕ್ಕೆ ನುಗ್ಗಿದ ಆನೆಯನ್ನು ಒಬ್ಬನೇ ಓಡಿಸಿದೆ ಎಂದು ಅವನ ಅಪ್ಪ ಆ ವಾರವೆಲ್ಲ ಟೀ ಅಂಗಡಿಯಲ್ಲಿ ಹೇಳುತ್ತಿದ್ದ. ಕತೆ ಬೆಳೆದೂ ಬೆಳೆದೂ ಆನೆಗೆ ದಂತವೂ ಬಂದಿತ್ತು.

“ಆನೆಮರಿ ತೋಟಕ್ಕೆ ಬಂತು, ಅಪ್ಪ ಮೋಟರ್ ರೂಮೊಳಗೆ ಹೋಗಿ ಬಾಗ್ಲಾಕ್ಕೊಂಡ್ರು, ಅವ್ವ ತಟ್ಟೆ ಬಡಿದು ಓಡ್ಸಿದ್ಲು” ಎಂದ ಹುಡುಗ.

ಇದು ಒಂದು ವಾಕ್ಯವಲ್ಲ, ಮೂರು ಎಂದೆ. ಮಗನನ್ನು ಕರೆದೊಯ್ಯಲು ಬಂದು ಜಗಲಿಯ ಕೆಳಗೆ ನಿಂತಿದ್ದ ಅಪ್ಪ, “ಮೂರೂ ಬೇಡ, ಮನೆಗೆ ನಡಿ” ಎಂದ.

ನಾಯಿಮರಿ

ನಾಯಿಮರಿ ಹೊಸಿಲು ದಾಟಬಾರದು ಎಂದು ಹಟ ಹಿಡಿದ ಅಜ್ಜಿಯೊಬ್ಬರಿದ್ದರು. ಅಜ್ಜಿ ಮಾತಿನಂತೆ ಮರಿ ಒಳಗೆ ಬರುವುದೇ ಇಲ್ಲ, ಅದಕ್ಕೇ ರಾತ್ರಿ ಅಜ್ಜಿಯೇ ಚಾಪೆ ತೊಗೊಂಡು ಅದರ ಪಕ್ಕ ಮಲಗಲು ಹೊರಗೆ ಹೋಗುತ್ತಾರೆ ಎಂದು ಮೊಮ್ಮಗಳು ವಾಕ್ಯ ಮಾಡಿದಳು.

ಆಡಿನಮರಿ

ಎದುರುಮನೆಯ ಹುಡುಗಿ ತನ್ನ ಆಡಿನಮರಿಯನ್ನು ಎತ್ತಿಕೊಂಡೇ ಪಾಠಕ್ಕೆ ಬರುತ್ತಿದ್ದಳು. ಅದನ್ನು ಅವಳ ತಾತ ಮನೆದೇವರಿಗೆ ಬಲಿ ಕೊಡುವುದಾಗಿ ಹರಕೆ ಹೊತ್ತಿದ್ದರು. ಇಲ್ಲಿಯ ಪದ್ಧತಿಯಂತೆ ಕಡಿಯುವ ಮೊದಲು ಮರಿಯ ಮೈಮೇಲೆ ಅರಿಶಿನದ ನೀರು ಹೊಯ್ಯುತ್ತಾರೆ. ಅದು ಮೈ ಒದರಿದರೆ ದೇವರು ಒಪ್ಪಿದಂತೆ. ಒದರದಿದ್ದರೆ ಕತ್ತಿ ಎತ್ತುವಂತಿಲ್ಲ.

ಹರಕೆಗೆ ಮುಂಚಿನ ಭಾನುವಾರ ಅವಳು ತನ್ನ ವಾಕ್ಯವನ್ನು ನನ್ನ ಕಿವಿಯಲ್ಲಿ ಹೇಳಿದಳು. “ಅಕ್ಕ, ನಾನು ದಿನಾ ಮರಿ ಮೇಲೆ ನೀರು ಹುಯ್ದು ಹುಯ್ದು ಪಳಗಿಸಿದೀನಿ, ಈಗ ಅದು ಒದರಲ್ಲ.”

ವಾಕ್ಯ ಚೆನ್ನಾಗಿದೆ, ಇನ್ನು ಯಾರಿಗೂ ಹೇಳಬೇಡ ಎಂದೆ.

ಹರಕೆಯ ದಿನ ನಾನೂ ಗುಡಿಗೆ ಹೋದೆ. ಪಳಗಿಸಿದ್ದು ಕೈಕೊಟ್ಟರೆ ಆ ಹುಡುಗಿಯ ಮುಖ ಹೇಗೆ ನೋಡಲಿ ಎಂಬುದೇ ನನ್ನ ಚಿಂತೆ. ತಾತ ಒಂದು ಚೊಂಬು ಹೊಯ್ದರು. ಮರಿ ಕಣ್ಣು ಮುಚ್ಚಿ ಸುಖವಾಗಿ ನಿಂತಿತು. ಇನ್ನೊಂದು ಚೊಂಬು ಹೊಯ್ದರೆ ಮೆಲುಕು ಹಾಕತೊಡಗಿತು. ಮನೆಯಲ್ಲಿ ಏನು ತಪ್ಪಾಗಿದೆಯೋ ಎಂದು ಹೆಂಗಸರು ಗಲ್ಲ ಬಡಿದುಕೊಂಡರು. ರೇಗಿಹೋದ ತಾತ ಕೊಡವನ್ನೇ ಎತ್ತಲು ಹೋಗಿ, ಕಾಲು ಜಾರಿ, ನೀರೆಲ್ಲ ತಮ್ಮ ತಲೆಯ ಮೇಲೇ ಸುರಿದುಕೊಂಡರು. ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ತಾತ ತಲೆಯಿಂದ ಕಾಲಿನವರೆಗೆ ಮೈ ಒದರಿದರು.

ಪೂಜಾರಿ ಕತ್ತಿ ಹಿಡಿದವನನ್ನು ನೋಡಿದ. ಕತ್ತಿ ಹಿಡಿದವನು ತಾತನನ್ನು ನೋಡಿದ.

ತಾತ ಟವಲು ಹಿಂಡುತ್ತಾ ಹಿಂದಕ್ಕೆ ಸರಿದು, “ಬೇಡ ಸಾಮಿ, ಈ ವರ್ಷ ಪೊಂಗಲ್ ಇಟ್ಟು ಮುಗಿಸ್ಬಿಡಾನ” ಎಂದರು.